ಬರೋಣದ ದಿನ ಗೊತ್ತುಮಾಡಿದ ಬೇಸಿಗೆ

ಹೋದ ತಿಂಗಳು ಮದುವೆಯೊಂದರ ಸಾಮಾನು ತರಲು ವಿಜಯಪುರದ ಗಾಂಧಿ ಚೌಕಕ್ಕೆ ಹೋಗಿದ್ದೆ. ಅಂಗಡಿಯವರು ಒಣದ್ರಾಕ್ಷಿಯ ಹೊಸ ಪೆಟ್ಟಿಗೆಯನ್ನು ನನ್ನ ಮುಖದ ಮುಂದೆಯೇ ಬಿಚ್ಚಿ, "ನೋಡ್ರಿ ಅಕ್ಕಾರ, ತಿಕೋಟಾ ಮಾಲು, ಈ ಸಲದ್ದ" ಎಂದರು. ಸಿಹಿ ವಾಸನೆಯ ಹಿಂದೆಯೇ ಗಂಧಕದ ಸಣ್ಣ ಘಾಟು ಬಂತು. ಕೈಚೀಲ ಅಲ್ಲೇ ಬಿಟ್ಟು ಹೊರಗೆ ಬಂದು, ಆಟೋಗಳ ಗದ್ದಲದ ನಡುವೆ ಗೋಡೆಗೆ ಕೈ ಕೊಟ್ಟು ನಿಂತೆ. "ಬಿಸಲಿಗೆ ಹಂಗಾಗತೈತ್ರಿ" ಎಂದು ಅಂಗಡಿಯವರು ನೀರು ತಂದುಕೊಟ್ಟರು. ಬಿಸಿಲಿಗಲ್ಲ ಎಂದು ಅವರಿಗೆ ಹೇಗೆ ಹೇಳುವುದು? ತಿಕೋಟಾದ ಶೆಡ್ಡೊಂದರಲ್ಲಿ, ಹೊಟ್ಟೆಯಲ್ಲಿ ಕೂಸು ಇಟ್ಟುಕೊಂಡು, ಯೇಸುಕ್ರಿಸ್ತನ ಎರಡನೇ ಬರೋಣಕ್ಕೆ ಕಾದು ಕೂತ ಬೇಸಿಗೆಯ ವಾಸನೆ ಅದು. ಬರುವ ದಿನ ಗೊತ್ತುಮಾಡಿದವರು ನನ್ನ ಮಾವ.

ನಾವು ಕ್ರೈಸ್ತರು. ನನ್ನ ತವರು ಬಬಲೇಶ್ವರ. ಅಪ್ಪ ತೀರಿಕೊಂಡ ಮೇಲೆ ಅವ್ವ ಅಲ್ಲೇ ಹೊಲಿಗೆ ಮಷಿನ್ನು ಇಟ್ಟುಕೊಂಡು ನನ್ನನ್ನು ಸಾಕಿ, ತಿಕೋಟಾಕ್ಕೆ ಕೊಟ್ಟಳು. ಮಾವ ಸಮುವೇಲಪ್ಪ ಮಾಸ್ತರು ವಿಜಯಪುರದ ಹೈಸ್ಕೂಲಿನಲ್ಲಿ ಆಯುಷ್ಯವೆಲ್ಲ ಲೆಕ್ಕ ಕಲಿಸಿದವರು. ನಿವೃತ್ತರಾದ ಮೇಲೆ ತಿಕೋಟಾದ ಹೊರಗಿನ ತಮ್ಮ ಹೊಲದಲ್ಲಿ ದ್ರಾಕ್ಷಿ ಹಚ್ಚಿ, ತೋಟದಲ್ಲೇ ಮನೆ ಕಟ್ಟಿಸಿ, ಪಕ್ಕದಲ್ಲಿ ಹಣ್ಣು ಒಣಗಿಸುವ ದೊಡ್ಡ ಶೆಡ್ಡು ಹಾಕಿಸಿದ್ದರು. ನಮ್ಮ ಕಡೆ ಒಣದ್ರಾಕ್ಷಿಗೆ ಮಣೂಕ ಅನ್ನುತ್ತಾರೆ. ಅದು ಮಣೂಕ ಶೆಡ್ಡು. ಗಂಡ ದಾವೀದ ಒಬ್ಬನೇ ಮಗ. ತೋಟದ ಕೆಲಸವೆಲ್ಲ ಅವನದು. ಮಾತು ಕಡಿಮೆ, ತಾಯಿಯ ಹತ್ತಿರ ಮಾತ್ರ ನಗುತ್ತಿದ್ದ.

ಆ ತಾಯಿ, ನನ್ನ ಅತ್ತೆ ಶಾಂತವ್ವ, ನಾನು ಸೊಸೆಯಾಗಿ ಬಂದ ಮೊದಲ ಬೇಸಿಗೆಯಲ್ಲೇ ಕೊರೊನಾಕ್ಕೆ ತೀರಿಕೊಂಡರು. ಆಂಬುಲೆನ್ಸ್ ಹತ್ತುವಾಗ ಮಾವನಿಗೆ ಅವರು ಹೇಳಿದ್ದು, "ಹಾಲು ಒಲಿ ಮ್ಯಾಲ ಐತ್ರಿ, ಉಕ್ಕೀತು ನೋಡ್ರಿ" ಎಂದು. ಆಮೇಲೆ ಮಾತೂ ಇಲ್ಲ, ಮುಖವೂ ಇಲ್ಲ. ಪ್ಲಾಸ್ಟಿಕ್ ಅಂಗಿ ತೊಟ್ಟವರು ಯಾರೋ ಮಣ್ಣು ಮಾಡಿದರು. ಹಾಡಿಲ್ಲ, ಪ್ರಾರ್ಥನೆ ಇಲ್ಲ, ಹಿಡಿ ಮಣ್ಣು ಹಾಕಲೂ ಬಿಡಲಿಲ್ಲ. ಮನೆಗೆ ಬಂದ ಮಾವ ಒಲೆಯ ಹತ್ತಿರ ಹೋಗಿ, ಸೀದುಹೋದ ಹಾಲಿನ ಪಾತ್ರೆ ತೆಗೆದು, ತಾವೇ ಕೂತು ತಿಕ್ಕಿದರು. ಅಳಲಿಲ್ಲ.

ಅಳದ ಆ ಮನುಷ್ಯ ಮೊಬೈಲು ನೋಡತೊಡಗಿದರು. ಎಲ್ಲೆಲ್ಲಿಯೋ ಬೋಧಕರು ಗೋಡೆಗೆ ನಕಾಶೆ ಹಾಕಿ, ಅಂಕಿ ಬರೆದು, ಕರ್ತನು ಇಂಥ ವರ್ಷ ಬರುತ್ತಾನೆ ಎಂದು ಹೇಳುವ ವಿಡಿಯೋಗಳು. ಮೊದಮೊದಲು ಮಾವ ನಗುತ್ತಿದ್ದರು. "ನೋಡಿಲ್ಲೆ ಕರುಣಾ, ಇವಗ ಭಾಗಾಕಾರನ ಬರೂದಿಲ್ಲ. ಈ ಲೆಕ್ಕಾ ನನ್ನ ಎಂಟನೆತ್ತಾ ಹುಡುಗೂರು ಮಾಡಿದ್ರ ಕಿವಿ ಹಿಂಡತಿದ್ದೆ." ಆಮೇಲೆ ಅವರ ತಪ್ಪುಗಳನ್ನು ತಿದ್ದಲು ಕೂತರು. ತಿದ್ದುತ್ತಾ ತಿದ್ದುತ್ತಾ ಒಂದು ದಿನ, ತಿದ್ದಿದ ಲೆಕ್ಕ ಅವರದೇ ಆಗಿಬಿಟ್ಟಿತ್ತು. ಮಳೆಗಾಲ ಮುಗಿದು ದ್ರಾಕ್ಷಿ ಬಳ್ಳಿಯ ಚಾಟನಿ ನಡೆದಿದ್ದಾಗ, ಟೊಂಗೆ ಕತ್ತರಿಸುತ್ತಿದ್ದ ಆಳುಗಳ ನಡುವೆ ನಿಂತು ದಾವೀದನಿಗೆ ಹೇಳಿದರು: "ಈ ಹಣ್ಣು ನಾವು ತಿನ್ನೂದಿಲ್ಲೋ. ಅದರಕಿಂತ ಮೊದಲ ಕರ್ತ ಬರ್ತಾನ. ನಿಮ್ಮವ್ವ ಎದ್ದ ಬರ್ತಾಳ."

ದಾವೀದನ ಕೈಯಲ್ಲಿದ್ದ ಕತ್ತರಿ ಹಾಗೇ ನಿಂತಿತು. ಅವನು ಕೇಳಿದ್ದು ಕಡೆಯ ಮಾತನ್ನಷ್ಟೇ ಎಂದು ನನಗೆ ಆಗಲೇ ಅನ್ನಿಸಿತು.

ನಮ್ಮ ಮನೆಯಲ್ಲಿ ಭಾನುವಾರ ಸಂಜೆ ಪ್ರಾರ್ಥನೆಗೆ ನಾಲ್ಕೈದು ಮನೆಯವರು ಸೇರುತ್ತಿದ್ದರು. ಅಲ್ಲಿಯೂ ಮಾವ ಅದನ್ನೇ ಹೇಳಿದರು. ಅವರು ಸುಳ್ಳು ಹೇಳುವವರಲ್ಲ ಎಂದು ಎಲ್ಲರಿಗೂ ಗೊತ್ತಿತ್ತು, ಆಪತ್ತಾದದ್ದೇ ಅದು. ಸುದ್ದಿ ಕೇಳಿ ವಿಜಯಪುರದಿಂದ ನಮ್ಮ ಸಭೆಯ ಪಾದ್ರಿ ಅಯ್ಯನವರು ಬಂದರು. ಚಹಾ ಮುಟ್ಟದೆ ಕೇಳಿದರು: "ಮಾಸ್ತರ, ಆ ದಿನಾ, ಆ ಗಳಿಗಿ ತನಗೂ ಗೊತ್ತಿಲ್ಲ ಅಂತ ಕರ್ತನ ಹೇಳ್ಯಾನಲ್ಲರಿ?"

"ದಿನಾ, ಗಳಿಗಿ ಗೊತ್ತಿಲ್ಲ ಅಂದಾನ್ರಿ ಅಯ್ಯನೋರ," ಅಂದರು ಮಾವ. "ವಾರ ಗೊತ್ತಿಲ್ಲ ಅಂದಿಲ್ಲ."

ಅಯ್ಯನವರು ಸಿಟ್ಟಾಗಲಿಲ್ಲ. ಹೋಗುವಾಗ ನನ್ನನ್ನು ಕರೆದು, "ನಿಮ್ಮ ಮಾವಗ ದುಃಖ ಆಗೇತವ್ವಾ, ಅದು ಲೆಕ್ಕದ ರೂಪಾ ತಗೊಂಡೈತಿ. ಸಂಭಾಳಸ್ರಿ" ಎಂದರು. ಸಂಭಾಳಿಸುವುದು ಹೇಗೆಂದು ಅವರೂ ಹೇಳಲಿಲ್ಲ. ಕ್ರಿಸ್ಮಸ್ ಮುಗಿಯುವ ಹೊತ್ತಿಗೆ ಮಾವನ ಲೆಕ್ಕ ವಾರದಿಂದ ದಿನಕ್ಕೆ ಇಳಿದಿತ್ತು. ಹೋಳಿ ಹುಣ್ಣಿಮೆ ಮುಗಿದು ಯುಗಾದಿ ಇನ್ನೂ ಬರದ ನಡುವಿನ ಒಂದು ಗುರುವಾರ.

ಆಗ ನಾನು ಬಸುರಿ. ವಿಜಯಪುರದ ಡಾಕ್ಟರಮ್ಮ ಕೊಟ್ಟ ತಾರೀಖು ಆ ಗುರುವಾರ ಕಳೆದು ಎಷ್ಟೋ ದಿನಕ್ಕಿತ್ತು. ಎರಡು ತಾರೀಖುಗಳ ನಡುವೆ ನಾನು ಸಿಕ್ಕಿಹಾಕಿಕೊಂಡೆ. ಮಾವನ ಮಾತು ಖರೆಯಾದರೆ ನನ್ನ ಕೂಸು ಹುಟ್ಟುವುದೇ ಇಲ್ಲ. ಸುಳ್ಳಾಗಲಿ ಎಂದು ಬೇಡಿಕೊಂಡರೆ ಕರ್ತನು ಬರುವುದು ಬೇಡ ಎಂದು ಬೇಡಿಕೊಂಡಂತೆ. ಚಿಕ್ಕಂದಿನಿಂದ "ನಿನ್ನ ರಾಜ್ಯ ಬರಲಿ" ಎಂದು ಹೇಳಿದ ಬಾಯಿ ಅದನ್ನು ಹೇಗೆ ಹೇಳೀತು? ರಾತ್ರಿ ಪ್ರಾರ್ಥನೆಗೆ ಕಣ್ಣು ಮುಚ್ಚಿ, ಏನೂ ಕೇಳದೆ ಆಮೆನ್ ಅಂದು ಮಲಗುತ್ತಿದ್ದೆ.

ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕಲ್ಲ. ಬಬಲೇಶ್ವರದ ಸಂತೆ ಮುಗಿಸಿಕೊಂಡು ಒಂದು ಮಧ್ಯಾಹ್ನ ಅವ್ವ ಜೀಪು ಹಿಡಿದು ನನ್ನನ್ನು ಕರೆದೊಯ್ಯಲು ಬಂದಳು. ಮಾವ ಅವಳನ್ನು ಮಂಚದ ಮೇಲೆ ಕೂಡಿಸಿ, ತಾವು ಕೆಳಗೆ ಕೂತು, ಕೈಮುಗಿದೇ ಹೇಳಿದರು: "ಬೀಗತೇರ, ಬ್ಯಾಡಂತ ಅನ್ನಾಕ ನನಗ ಹಕ್ಕಿಲ್ಲ. ಆದ್ರ ಆ ದಿನಾ ಮನಿ ಮಂದಿ ಎಲ್ಲಾ ಒಂದ ಕಡೆ ಇದ್ರ ಚೊಲೊ. ನೀವೂ ಇಲ್ಲೇ ಇರ್ರಿ."

"ಕರ್ತ ಬಂದ್ರ ಬಬಲೇಶ್ವರದ ದಾರಿ ಅವಗ ಗೊತ್ತಿರೂದಿಲ್ಲೇನ್ರಿ?" ಅಂದಳು ಅವ್ವ.

ಮಾವ ನಕ್ಕರು. ದಾವೀದ ನಗಲಿಲ್ಲ. "ಅತ್ತೀ, ಒಂದ ತಿಂಗಳ ಮಾತು. ಆಮ್ಯಾಲ ಕರಕೊಂಡ ಹೋಗೂವಂತ್ರಿ" ಎಂದ. ಆಮೇಲೆ ಎನ್ನುವುದೇ ಇಲ್ಲ ಎಂದು ನಂಬಿದವನು ಹಾಗೆ ಹೇಳಿದ. ಅವ್ವ ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ. ಬೈದಿದ್ದರೆ ಎದುರಾಡುತ್ತಿದ್ದೆ, ಬಾಗಿಲು ಹಾಕಿದ್ದರೆ ಬಡಿಯುತ್ತಿದ್ದೆ. ನನ್ನ ಮಾವ ದಿನಾ ಬೆಳಿಗ್ಗೆ ನನಗೆ ಹಾಲು ಕಾಸಿ ಕೊಡುತ್ತಿದ್ದ ಮನುಷ್ಯ. ಬಾಗಿದರೆ ಹೊಟ್ಟೆಗೆ ತ್ರಾಸಾದೀತೆಂದು ಬಾವಿಕಟ್ಟೆಯ ಕೊಡವನ್ನು ತಾವೇ ಎತ್ತಿಡುತ್ತಿದ್ದ ಮನುಷ್ಯ. ಅವರ ಮುಗಿದ ಕೈಗಳನ್ನು ದಾಟಿ ಹೋಗುವುದು ನನ್ನಿಂದಾಗಲಿಲ್ಲ. ಅವ್ವ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಒಬ್ಬಳೇ ರಸ್ತೆಗೆ ನಡೆದಳು.

ಹಣ್ಣು ಮಾಗಿತು. ಸುತ್ತಲಿನ ತೋಟಗಳಲ್ಲಿ ಕೊಯ್ಲು ಶುರುವಾಯಿತು. ಗೊನೆಗಳನ್ನು ಎಣ್ಣೆ ಬೆರೆಸಿದ ನೀರಿನಲ್ಲಿ ಅದ್ದಿ ಜಾಳಿಗೆಯ ಮೇಲೆ ಹರಡುವ ಹೆಂಗಸರ ಹಾಡು, ನಗು ಕೇಳಿಬರುತ್ತಿತ್ತು. ನಮ್ಮ ತೋಟದಲ್ಲಿ ಮಾವ ಬೇಲಿಯ ಗೇಟು ತೆಗೆದು ಹಾಕಿ, "ಬೇಕಾದವರು ಕೊಯ್ಕೊಂಡ ಹೋಗ್ರಿ" ಎಂದುಬಿಟ್ಟರು. ಮೊದಲ ದಿನ ಜನ ಅಂಜುತ್ತ ಬಂದರು. ಮರುದಿನ ಬುಟ್ಟಿ, ಚೀಲ, ಬಕೆಟ್ಟು ಹಿಡಿದು ಓಣಿಗೆ ಓಣಿಯೇ ಬಂತು. ಯಾರೋ ಹೆಣ್ಣುಮಗಳು ನನ್ನ ಕೈಗೇ ಒಂದು ಗೊನೆ ಕೊಟ್ಟು, "ನೀನೂ ತಿನ್ನ ತಂಗಿ, ಬಸರಿ ಅದೀ" ಎಂದಳು. ನಮ್ಮ ತೋಟದ ಹಣ್ಣನ್ನು ನನಗೇ ದಾನ ಮಾಡಿದಳು. ಬಳ್ಳಿಗಳನ್ನು ಮಕ್ಕಳಂತೆ ನೋಡಿಕೊಂಡಿದ್ದ ದಾವೀದ, ಮುರಿದ ಟೊಂಗೆಗಳ ನಡುವೆ ಸುಮ್ಮನೆ ನಿಂತಿದ್ದ.

ಕಡೆಯ ವಾರ ಎಲ್ಲರೂ ಶೆಡ್ಡಿಗೆ ಹೋದೆವು. ಐದಾರು ಮನೆಯ ಜನ, ಮನೆಯೊಳಗೆ ಹಿಡಿಯುತ್ತಿರಲಿಲ್ಲ. ಮಣೂಕ ಶೆಡ್ಡಿಗೆ ಗೋಡೆ ಇರುವುದಿಲ್ಲ. ಮೇಲೆ ತಗಡು, ಸುತ್ತ ಹಸಿರು ಬಲೆ, ಒಳಗೆ ಒಂದರ ಮೇಲೊಂದು ತಂತಿಜಾಳಿಗೆಯ ಅಟ್ಟ. ಆ ಅಟ್ಟಗಳ ಕೆಳಗೆ ಚಾಪೆ ಹಾಸಿಕೊಂಡು ಕೂತೆವು. ನಿಂತರೆ ತಲೆಗೆ ತಂತಿ ಬಡಿಯುತ್ತಿತ್ತು. ಮೊಬೈಲುಗಳನ್ನೆಲ್ಲ ಮಾವ ಹಿಟ್ಟಿನ ಡಬ್ಬಿಯೊಂದರಲ್ಲಿ ಹಾಕಿಸಿ ಮುಚ್ಚಿದರು. ತಗಡು ಕಾಯುತ್ತಿತ್ತು. ಪಕ್ಕದ ಶೆಡ್ಡುಗಳಲ್ಲಿ ಹಣ್ಣಿಗೆ ಬಣ್ಣ ಬರಲೆಂದು ಗಂಧಕದ ಹೊಗೆ ಹಾಕುತ್ತಿದ್ದರು. ಗಾಳಿ ತಿರುಗಿದಾಗಲೆಲ್ಲ ಆ ಘಾಟು ಬಲೆ ದಾಟಿ ಬರುತ್ತಿತ್ತು. ಹಾಡು, ಓದು, ಪ್ರಾರ್ಥನೆ; ಮತ್ತೆ ಹಾಡು, ಓದು, ಪ್ರಾರ್ಥನೆ. ಒಂದು ಮಧ್ಯಾಹ್ನ ನಮ್ಮ ಗುಂಪಿನ ಸಾರವ್ವ ಬೈಬಲ್ ಓದುತ್ತಿದ್ದಳು. ಬರೋಣದ ಮುಂಚಿನ ಕಷ್ಟದ ದಿನಗಳಲ್ಲಿ ಬಸುರಿಯರ ಪಾಡೇನು, ಮೊಲೆಯುಣಿಸುವವರ ಪಾಡೇನು ಎಂಬ ಮಾತು ಬಂತು. ಅವಳ ದನಿ ಸಣ್ಣದಾಯಿತು. ಯಾರೂ ನನ್ನ ಕಡೆ ನೋಡಲಿಲ್ಲ. ಹೊಟ್ಟೆಯೊಳಗೆ ಕೂಸು ಒದೆಯಿತು.

ನನ್ನ ಬಿ.ಪಿ. ಏರುತ್ತಿದೆ, ವಾರಕ್ಕೊಮ್ಮೆ ಬಂದು ತೋರಿಸಬೇಕು, ತಲೆಶೂಲೆ ಬಂದರೆ, ಕಣ್ಣು ಮಂಜಾದರೆ ತಕ್ಷಣ ಬರಬೇಕು ಎಂದು ದವಾಖಾನೆಯಲ್ಲಿ ಹೇಳಿದ್ದರು. ತೋರಿಸುವ ದಿನ ಆ ವಾರವೇ ಇತ್ತು. ಗುಳಿಗೆಯೂ ಮುಗಿದಿತ್ತು. ಕಾಲು ಬಾತು ಚಪ್ಪಲಿ ಹಿಡಿಯದಾಯಿತು. ದಾವೀದನಿಗೆ ಹೇಳಿದೆ. "ರೀ, ಒಮ್ಮಿ ತೋರಿಸ್ಕೊಂಡ ಬರೂಣು. ಹೋಗಿ ಬರೂದರಾಗ ಏನಾಗತೈತಿ?"

"ಹೋದಾಗ ಬಂದನಂದ್ರ?" ಎಂದ. ಅವನ ಕಣ್ಣಲ್ಲಿ ಅಂಜಿಕೆ ಇತ್ತು, ಆಸೆಯೂ ಇತ್ತು. ನನ್ನ ಕಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಮೆಲ್ಲಗೆ ಒತ್ತಿದ. ಒತ್ತಿದಲ್ಲೆಲ್ಲ ಬೆರಳಿನ ಗುಳಿ ಹಾಗೇ ಉಳಿಯುತ್ತಿತ್ತು.

ಆ ಪ್ರಶ್ನೆ ನನ್ನೊಳಗೂ ಇತ್ತು. ನಾನೂ ಅರ್ಧ ನಂಬಿದ್ದೆ. ಬಲೆಯನ್ನು ಒಂದು ಕೈಯಲ್ಲಿ ಸರಿಸಿದರೆ ತೋಟ, ತೋಟ ದಾಟಿದರೆ ರಸ್ತೆ, ರಸ್ತೆಯಲ್ಲಿ ವಿಜಯಪುರದ ಬಸ್ಸು. ಎಲ್ಲ ಕಾಣುತ್ತಿತ್ತು. ಆದರೆ ನಾನು ಬಸ್ಸಿನಲ್ಲಿರುವಾಗ ಆಕಾಶ ತೆರೆದುಬಿಟ್ಟರೆ? ಇವರೆಲ್ಲ ಅತ್ತೆಯ ಜೊತೆ ಮೇಲೆ ಹೋಗಿ, ನಾನೊಬ್ಬಳೇ ಟಿಕೆಟ್ಟು ಹಿಡಿದು ಸೀಟಿನಲ್ಲಿ ಕೂತಿದ್ದರೆ? ಈಗ ನಗು ಬರುತ್ತದೆ. ಆಗ ಬರಲಿಲ್ಲ.

ಅದೇ ವಾರ ಇನಾಮದಾರ ಸರ್ ಬಂದರು. ಮಾವನ ಜೊತೆ ಅದೇ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವರು, ಮುಸ್ಲಿಮರು, ವಿಜಯಪುರದ ಜೋರಾಪುರ ಪೇಟೆಯಲ್ಲಿ ಮನೆ. ಫೋನು ಹತ್ತಲಿಲ್ಲವೆಂದು ಗಾಬರಿಯಾಗಿ ಬಂದಿದ್ದರು. ಬಗ್ಗಿ ಅಟ್ಟದ ಕೆಳಗೆ ನುಸುಳಿ, ಮಾವನ ಪಕ್ಕ ಕೂತು, ಸುತ್ತ ನೋಡಿದರು.

"ಮಾಸ್ತರ, ನಿಮ್ಮ ಯೇಸು, ನಮ್ಮ ಈಸಾ, ತಿರುಗಿ ಬರ್ತಾರ ಅಂತ ನಮ್ಮಾಗೂ ಐತಿ. ನಮ್ಮ ಅಜ್ಜ ಹೇಳತಿದ್ದ, ಆ ಗಳಿಗಿ ಮ್ಯಾಲಿನಾವಗ ಒಬ್ಬಾವಗ ಗೊತ್ತು ಅಂತ."

"ನಿಮ್ಮ ಅಜ್ಜಗ ಲೆಕ್ಕಾ ಬರ್ತಿರಲಿಲ್ಲೋ ಇನಾಮದಾರ."

"ಬರ್ತಿತ್ತಪಾ. ಯಾವ ಲೆಕ್ಕಾ ಮಾಡಬಾರದು ಅನ್ನೂದೂ ಬರ್ತಿತ್ತು."

ಇಬ್ಬರೂ ನಕ್ಕರು, ಸ್ಟಾಫ್ ರೂಮಿನಲ್ಲಿ ಕೂತವರ ಹಾಗೆ. ಆದರೆ ಮಾವ ಅಲುಗಲಿಲ್ಲ. "ನೀನೂ ಗುರುವಾರದ ತನಕ ಇಲ್ಲೇ ಇರು. ನಿನ್ನ ಬಿಟ್ಟ ಹೋಗಾಕ ನನಗ ಮನಸಿಲ್ಲ" ಎಂದರು. ಇನಾಮದಾರ ಸರ್ ಅವರ ಭುಜ ತಟ್ಟಿದರು. ಏಳುವಾಗ ನನ್ನ ಕಾಲು ನೋಡಿ, "ಹೆಂಗದೀಯವ್ವಾ?" ಎಂದು ಕೇಳಿದರು. "ಆರಾಮ ಅದೀನ್ರಿ ಸರ್" ಎಂದೆ. ಅಷ್ಟು ಜನರ ಮುಂದೆ ಮತ್ತೇನು ಹೇಳಲಿ? ಅವರು ಹೋದ ಮೇಲೆ ಬಲೆ ಸ್ವಲ್ಪ ಹೊತ್ತು ಅಲುಗಾಡುತ್ತಲೇ ಇತ್ತು.

ಬುಧವಾರ ಬೆಳಿಗ್ಗೆ ಎದ್ದಾಗ ತಲೆ ಸಿಡಿಯುತ್ತಿತ್ತು. ಹಾಡಿನ ಪುಸ್ತಕ ಹಿಡಿದರೆ ಅಕ್ಷರಗಳು ನೀರಿನಲ್ಲಿ ಬಿದ್ದಂತೆ ಕಂಡವು. ಎದುರು ಕೂತ ಸಾರವ್ವನಿಗೆ ಎರಡು ಮುಖ. ಆಗ ನನಗೆ ಬಂದದ್ದು ಧೈರ್ಯ ಅಲ್ಲ, ಅಂಜಿಕೆಯೇ. ಆದರೆ ಆ ಅಂಜಿಕೆ ಕರ್ತನದಾಗಿರಲಿಲ್ಲ. ಅಟ್ಟದ ಕಂಬ ಹಿಡಿದು ಎದ್ದೆ. ಹಾಡು ನಿಂತಿತು. ಬಲೆಯ ಹತ್ತಿರ ಮಾವ ನಿಂತಿದ್ದರು.

"ಮಾವಾರ, ನಾ ದವಾಖಾನಿಗಿ ಹೋಗತೀನ್ರಿ."

"ಇದೊಂದ ದಿನಾ ತಡಿ ಮಗಳ. ನಾಳಿ ಮುಗೀತಂದ್ರ ದವಾಖಾನಿನ ಬೇಕಾಗೂದಿಲ್ಲ. ನೋವು, ಬ್ಯಾನಿ ಏನೂ ಇರೂದಿಲ್ಲ."

"ನಿಮ್ಮ ಲೆಕ್ಕದಾಗ ಎಲ್ಲಾರೂ ಅದೇವ್ರಿ. ಇದು ಎಲ್ಲೈತಿ?" ಹೊಟ್ಟೆಯ ಮೇಲೆ ಕೈ ಇಟ್ಟು ಕೇಳಿದೆ. "ಹುಟ್ಟಲಾರದ ಹೋಗೂ ಕೂಸಿಗಿ ನಿಮ್ಮ ಲೆಕ್ಕದಾಗ ಯಾವ ಜಾಗಾ ಐತ್ರಿ?"

"ಹಂಗಲ್ಲವ್ವಾ..." ಎಂದರು.

"ಅತ್ತಿ ಎದ್ದ ಬಂದು, ನನ್ನ ಮೊಮ್ಮಗಾ ಎಲ್ಲಿ ಅಂತ ಕೇಳಿದ್ರ ಏನ್ ಹೇಳತೀರಿ?"

ಆ ಮಾತು ನಾನು ಯೋಚಿಸಿ ಆಡಿದ್ದಲ್ಲ. ಮಾವ ನನ್ನ ಹೊಟ್ಟೆಯನ್ನು ನೋಡಿದರು. ಆ ವಾರದಲ್ಲಿ ಮೊದಲ ಸಲ ನೋಡಿದರು. ಹತ್ತಿರದ ಜಾಳಿಗೆಯನ್ನು ಹಿಡಿದುಕೊಂಡರು. ತಂತಿ ಕೈಗೆ ಚುಚ್ಚುತ್ತಿತ್ತೇನೋ, ಬಿಡಲಿಲ್ಲ. ನಾನು ಅವರ ಪಕ್ಕದಿಂದ ಬಲೆ ಸರಿಸಿ ಹೊರಗೆ ಬಂದೆ. ಬಿಸಿಲು ಕಣ್ಣಿಗೆ ಹೊಡೆಯಿತು. ದ್ರಾಕ್ಷಿ ಸಾಲಿನ ನಡುವೆ ಬರಿಗಾಲಲ್ಲಿ ನಡೆಯುತ್ತಿದ್ದಾಗ ಹಿಂದೆ ಹೆಜ್ಜೆ ಕೇಳಿಸಿತು. ಮಾವ ನನ್ನ ಚಪ್ಪಲಿ ಒಂದು ಕೈಯಲ್ಲಿ, ನೀರಿನ ಬಾಟಲಿ ಇನ್ನೊಂದರಲ್ಲಿ ಹಿಡಿದು ಓಡುತ್ತ ಬರುತ್ತಿದ್ದರು. ಅವರ ಹಿಂದೆ ದಾವೀದ.

"ಯಪ್ಪಾ, ನೀವ ಹೊಂಟ್ರ ಹೆಂಗ್ರಿ?" ದಾವೀದ ಕೂಗಿದ. "ದಿನಾ ಹೇಳಿದವರ ನೀವು!"

"ನೀನೂ ಬಾರೋ."

"ಅವ್ವ ಬಂದಾಗ ನಮ್ಮ ಮಂದಿ ಯಾರೂ ಇಲ್ಲಂದ್ರ?"

ಅದನ್ನು ಕೇಳಿ ನನಗೆ ಅವನ ಮೇಲಿದ್ದ ಸಿಟ್ಟೆಲ್ಲ ಕರಗಿತು. ಕಾಲು ಮಾತ್ರ ನಿಲ್ಲಲಿಲ್ಲ. ದಾವೀದ ಸಾಲಿನ ನಡುವೆಯೇ ನಿಂತ. ರಸ್ತೆಯಲ್ಲಿ ವಿಜಯಪುರದ ಕಡೆ ಹೊರಟ ಟಂಟಂ ಆಟೋ ಸಿಕ್ಕಿತು. ಅದರ ತುಂಬ ಕೊಯ್ಲಿನ ಹೆಂಗಸರು. ನನ್ನನ್ನು ನೋಡಿ ಎದ್ದು ಜಾಗ ಕೊಟ್ಟರು. ದಾರಿಯುದ್ದಕ್ಕೂ ಮಾವ ಹೊರಗೆ ತಲೆ ಹಾಕಿ ಆಕಾಶ ನೋಡುತ್ತಿದ್ದರು. ನಾನು ಕಣ್ಣು ಮುಚ್ಚಿದ್ದೆ.

ದವಾಖಾನೆಯಲ್ಲಿ ಬಿ.ಪಿ. ನೋಡಿದ ಸಣ್ಣ ವಯಸ್ಸಿನ ಡಾಕ್ಟರಮ್ಮನ ಮುಖ ಬದಲಾಯಿತು. "ಇಷ್ಟ ದಿನಾ ಎಲ್ಲಿದ್ರಿ? ಏನ್ ಮಾಡಾಕತ್ತಿದ್ರಿ?"

"ಕಾಯಾಕತ್ತಿದ್ವಿ ಅವ್ವಾ," ಎಂದರು ಮಾವ.

"ಏನ್ ಕಾಯಾಕತ್ತಿದ್ರಿ, ಫಿಟ್ಸ್ ಬರೂದನ್ನ? ಇನ್ನ ಸ್ವಲ್ಪ ತಡಾ ಆಗಿದ್ರ ತಾಯೀನೂ ಇರ್ತಿರಲಿಲ್ಲ, ಕೂಸೂ ಇರ್ತಿರಲಿಲ್ಲ."

ಮಾವ ತಲೆ ತಗ್ಗಿಸಿ ನಿಂತರು, ಬೆಂಚಿನ ಮೇಲೆ ನಿಲ್ಲಿಸಿದ ಹುಡುಗನ ಹಾಗೆ. ಅವರ ಎಷ್ಟೋ ವಿದ್ಯಾರ್ಥಿಗಳನ್ನು ಅವರೇ ಹಾಗೆ ನಿಲ್ಲಿಸಿದ್ದಿರಬೇಕು. ಆ ಸಂಜೆಯೇ ಆಪರೇಷನ್ ಮಾಡಿ ಕೂಸನ್ನು ತೆಗೆದರು. ಹೆಣ್ಣು. ಅಂಗೈಗಿಂತ ತುಸು ದೊಡ್ಡದು. ಅಳಲು ಶಕ್ತಿ ಇ‌ಲ್ಲದೆ ಬೆಕ್ಕಿನ ಮರಿಯಂತೆ ಕುಂಯ್ ಅಂದಿತಂತೆ. ಬೆಚ್ಚಗಿಡುವ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟರು. ನಾನಿನ್ನೂ ನೋಡಿರಲಿಲ್ಲ.

ಆ ಗುರುವಾರ ಹೀಗೆ ಬಂತು: ನಾನು ವಾರ್ಡಿನ ಮಂಚದ ಮೇಲೆ, ಮಾವ ಹೊರಗಿನ ಬೆಂಚಿನ ಮೇಲೆ. ಬಾಗಿಲು ತೆರೆದೇ ಇರುತ್ತಿದ್ದುದರಿಂದ ಅವರು ನನಗೆ ಕಾಣುತ್ತಿದ್ದರು. ರಾತ್ರಿಯೇ ದವಾಖಾನೆಯ ಫೋನಿನಿಂದ ಮಾವ ಬಬಲೇಶ್ವರಕ್ಕೂ ಇನಾಮದಾರ ಸರ್ ಅವರಿಗೂ ಸುದ್ದಿ ಮುಟ್ಟಿಸಿದ್ದರು. ಬೆಳಿಗ್ಗೆಯೇ ಅವ್ವ ಬಬಲೇಶ್ವರದಿಂದ ಬಂದು ನನ್ನ ತಲೆ ಸವರುತ್ತ ಕೂತಳು. ಬೀಗರಿಗೆ ಒಂದು ಮಾತೂ ಆಡಲಿಲ್ಲ. ಮಧ್ಯಾಹ್ನ ಇನಾಮದಾರ ಸರ್ ಡಬ್ಬಿಯಲ್ಲಿ ಖಿಚಡಿ ಕಟ್ಟಿಸಿಕೊಂಡು ಬಂದರು. ಮಾವ, ಅವರು ಇಬ್ಬರೂ ಒಂದೇ ಡಬ್ಬಿಯಲ್ಲಿ ಉಂಡರು. ಸರ್ ಒಮ್ಮೆಯಾದರೂ ಹಂಗಿಸುತ್ತಾರೆಂದು ನಾನು ಕಾದೆ. ಹಂಗಿಸಲಿಲ್ಲ. ಯಾವುದೋ ಹಳೆಯ ಹೆಡ್ ಮಾಸ್ತರರ ಕಥೆ ಹೇಳುತ್ತ ಹೊತ್ತು ಕಳೆದರು. ಮಾವ ನಡುನಡುವೆ ಎದ್ದು ಕೂಸಿನ ಕೋಣೆಯ ಬಾಗಿಲಿಗೆ ಹೋಗಿ ನರ್ಸಮ್ಮನನ್ನು ಕೇಳುತ್ತಿದ್ದರು.

"ಎಂದ ಕೊಡತೀರವ್ವಾ ಕೂಸು?"

"ಅದನ್ನ ನಾವ ಹೆಂಗ್ ಹೇಳೂದ್ರಿ ಅಜ್ಜಾರ. ತೂಕಾ ಏರಬೇಕು, ತಾನ ಹಾಲ ಕುಡೀಬೇಕು."

"ಅಂದಾಜ ಒಂದ ದಿನಾ?"

"ಕುಂದರ್ರಿ ಅಜ್ಜಾರ. ಕರೀತೇವಿ."

ಅವರು ಮತ್ತೆ ಬಂದು ಕೂರುತ್ತಿದ್ದರು. ದಿನ ಗೊತ್ತಿಲ್ಲದೆ ಕೂರುವುದು ಅವರಿಗೆ ಎಷ್ಟು ಕಷ್ಟವೆಂದು ಆ ಬೆನ್ನು ನೋಡಿದರೇ ತಿಳಿಯುತ್ತಿತ್ತು. ಹೊತ್ತು ಇಳಿಯಿತು. ಸಂಜೆಯ ಅಜಾನ್ ಕೇಳಿ ಇನಾಮದಾರ ಸರ್ ನಮಾಜಿಗೆ ಹೋಗಿ ಬಂದರು.

"ಹೊತ್ತ ಮುಳುಗಿತೇನೋ?" ಮಾವ ಕೇಳಿದರು.

"ಮುಳುಗ್ತು."

ಮಾವ ಇಷ್ಟು ದಿನ ಅಳದೇ ಇದ್ದದ್ದನ್ನೆಲ್ಲ ಆಗ ಅತ್ತರು. ಬೆಂಚಿನ ಮೇಲೆ, ಬಂದು ಹೋಗುವವರ ನಡುವೆ, ಸಣ್ಣ ಹುಡುಗನ ಹಾಗೆ ದನಿ ತೆಗೆದು. "ಅಕಿ ಬರೂದಿಲ್ಲೋ ಇನಾಮದಾರ" ಎಂದರು. ಕರ್ತನ ಹೆಸರು ಎತ್ತಲಿಲ್ಲ. ನನ್ನ ಪಕ್ಕದಲ್ಲಿದ್ದ ಅವ್ವ ಎದ್ದು ಹೋಗಿ, ಒಂದು ಲೋಟ ಚಹಾ ತಂದು ಬೀಗರ ಮುಂದೆ ಹಿಡಿದಳು. "ಕುಡೀರಿ," ಎಂದಳು, "ಆರತೈತಿ."

ಮರುದಿನ ಮಾವ ತಿಕೋಟಾಕ್ಕೆ ಹೋಗಿ ಶೆಡ್ಡಿನಲ್ಲಿದ್ದ ಎಲ್ಲರ ಮುಂದೆ, ಆಮೇಲೆ ಒಬ್ಬೊಬ್ಬರ ಮನೆಗೂ ಹೋಗಿ, "ನನ್ನ ಮಾತ ಕೇಳಿ ಕೆಟ್ರಿ, ಕ್ಷಮಾ ಮಾಡ್ರಿ" ಎಂದು ಬೇಡಿಕೊಂಡರು. ಕೆಲವರು ಬೈದರು, ಕೆಲವರು ಅತ್ತರು. ಸಾರವ್ವ ಮಾತ್ರ ನನ್ನನ್ನು ನೋಡಲು ದವಾಖಾನೆಗೆ ಬಂದಳು. ಎರಡು ಮೋಸಂಬಿ ಹಣ್ಣು ಕೈಗಿಟ್ಟು ಬಹಳ ಪ್ರೀತಿಯಿಂದಲೇ ಹೇಳಿದಳು: "ನೀ ಎದ್ದ ಹೋಗದಿದ್ರ ಬರ್ತಿದ್ದ, ತಂಗಿ. ಒಬ್ಬರು ಬಾಗಿಲಾ ತಗದ್ರು, ಅವ ತಿರುಗಿ ಹೋದ." ಆ ಮಾತು ಎಷ್ಟೋ ತಿಂಗಳು ನನ್ನ ಎದೆಯ ಮೇಲೆ ಕೂತಿತ್ತು. ಶೆಡ್ಡಿನಿಂದ ಹೊರಬಂದರೂ ಶೆಡ್ಡು ನನ್ನನ್ನು ಬಿಟ್ಟಿರಲಿಲ್ಲ. ಕೂಸಿನ ತೂಕ ಒಂದು ದಿನ ಇಳಿದರೂ, ನನ್ನಿಂದಲೇ ಎನ್ನಿಸುತ್ತಿತ್ತು.

ದಾವೀದ ಒಮ್ಮೆ ಬಂದ. ಗಡ್ಡ ಬಿಟ್ಟಿದ್ದ. ಗಾಜಿನ ಆಚೆಯಿಂದ ಮಗಳನ್ನು ನೋಡಿದ. ಬೆಂಚಿನ ಮೇಲಿದ್ದ ತಂದೆಗೆ, "ನೀವ ದಿನಾ ಹೇಳಿದ್ರಿ, ನೀವ ಎದ್ದ ಹ್ವಾದ್ರಿ" ಎಂದಷ್ಟೇ ಹೇಳಿ, ನನ್ನ ಮಂಚದ ತನಕವೂ ಬರದೆ ಹೊರಟುಹೋದ. ಎಲ್ಲರೂ ಮನೆಗೆ ಹೋದ ಮೇಲೂ ಅವನು ಶೆಡ್ಡಿನಲ್ಲೇ ಉಳಿದನಂತೆ.

ಕೂಸು ತಾನಾಗಿ ಹಾಲು ಕುಡಿಯಲು ಕಲಿತ ಮೇಲೆ ನಮ್ಮನ್ನು ಬಿಟ್ಟರು. ನಾನು ಅವ್ವನ ಜೊತೆ ಬಬಲೇಶ್ವರಕ್ಕೆ ಬಂದೆ. ಮಾವ ವಾರವಾರವೂ ಜೀಪಿನಲ್ಲಿ ಬಂದು ಮೊಮ್ಮಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತು ಹೋಗುತ್ತಿದ್ದರು. ಮಗನ ಸುದ್ದಿ ಅವರಿಂದಲೇ ತಿಳಿಯುತ್ತಿತ್ತು. ಶೆಡ್ಡಿನಲ್ಲಿ ಒಬ್ಬನೇ ಇರುತ್ತಾನೆ. ಮುರಿದ ಬಳ್ಳಿಗಳನ್ನು ಕಟ್ಟುತ್ತಾನೆ. ಊಟ ಒಯ್ದು ಇಟ್ಟರೆ ತಿನ್ನುತ್ತಾನೆ, ಮಾತಾಡುವುದಿಲ್ಲ. ಒಂದು ಸಲ ಹಳೆಯ ಗುಂಪಿನ ಇಬ್ಬರು ಮಾವನನ್ನು ಹುಡುಕಿಕೊಂಡು ಬಬಲೇಶ್ವರದ ತನಕ ಬಂದರು. ಮೊಬೈಲಿನಲ್ಲಿ ಹೊಸ ತಾರೀಖು ಬಂದಿದೆ, "ಮಾಸ್ತರ, ಈ ಸಲ ಬರೋಬ್ಬರಿ ಕೂಡತೈತಿ, ನೀವೊಮ್ಮಿ ಲೆಕ್ಕಾ ನೋಡ್ರಿ" ಎಂದರು. ಮಾವ ಮೊಬೈಲು ಮುಟ್ಟಲಿಲ್ಲ.

"ನನ್ನ ಲೆಕ್ಕಾನೂ ಕೂಡಿತ್ತಪಾ," ಎಂದರು. "ಕೂಡಾಕ ಏನು, ನಾವು ಹೆಂಗ ಕೂಡಸ್ತೇವಿ ಹಂಗ ಕೂಡತೈತಿ. ಬರೂದು ಅವನ ಕೆಲಸ. ನಮಗ ಬ್ಯಾರೆ ಕೆಲಸಾ ಅದಾವ."

ಅವರು ಹೋದ ಮೇಲೆ ನಾನು ಕೇಳಿದೆ: "ಮಾವಾರ, ಇವರು ಬರ್ತಾರೇನ್ರಿ?" ಯಾರು ಎಂದು ಅವರು ಕೇಳಲಿಲ್ಲ.

"ಬರ್ತಾನ."

"ಯಾವಾಗರಿ?"

ಮಾವ ಮಗುವಿನ ತಲೆಯ ಕುಲಾಯಿ ಸರಿಮಾಡಿ, ಜೀಪಿನ ಹೊತ್ತಾಯಿತೆಂದು ಎದ್ದರು.

ಆಮೇಲೆ ಪ್ರತಿ ದಿನವೂ ತಲೆ ಬಾಚಿಕೊಂಡು, ಒಳ್ಳೆಯ ಸೀರೆ ಉಟ್ಟು, ರಸ್ತೆ ಕಾಣುವಂತೆ ಕೂರುತ್ತಿದ್ದೆ. ಜೀಪು ನಿಂತಾಗಲೆಲ್ಲ ಎದ್ದು ನಿಲ್ಲುತ್ತಿದ್ದೆ. ಬರಲಿಲ್ಲ. ಮುಂಗಾರಿನ ಮೊದಲ ಮಳೆ ಬಂತು. ನಾನು ಕಾಯುವುದನ್ನು ಬಿಟ್ಟೆನೋ ಅಥವಾ ಕಾಯುತ್ತಿರುವುದನ್ನೇ ಮರೆತೆನೋ, ಸೀರೆ ಹೇಗಿದ್ದರೆ ಹಾಗೆ ಇರತೊಡಗಿದೆ.

ಒಂದು ಸಂತೆಯ ದಿನ ಅವ್ವ ಬಚ್ಚಲ ಬಾಯಲ್ಲಿ ಕಾಲು ಚಾಚಿ ಕೂತು ಕೂಸಿಗೆ ಎರೆಯುತ್ತಿದ್ದಳು. ಅದು ಊರು ಕೇಳುವಂತೆ ಅಳುತ್ತಿತ್ತು. ಅಷ್ಟು ಅಳುವ ಶಕ್ತಿ ಬಂದಿತ್ತು ಅದಕ್ಕೆ. ನನ್ನ ತಲೆಗೆ ಎಣ್ಣೆ, ಕೈಯಲ್ಲಿ ಬಿಸಿನೀರಿನ ತಂಬಿಗೆ, ಮೈಮೇಲೆ ಹರಕು ನೈಟಿ. ತಿರುಗಿ ನೋಡಿದರೆ ತಲಬಾಗಿಲಲ್ಲಿ ದಾವೀದ ನಿಂತಿದ್ದ. ಗಡ್ಡ ತೆಗೆಸಿದ್ದ. ಕೈಯಲ್ಲಿ ಏನೂ ಇರಲಿಲ್ಲ. ಎಷ್ಟು ಹೊತ್ತಿನಿಂದ ನಿಂತಿದ್ದನೋ, ಒಳಗೆ ಬರಲೂ ಆಗದೆ ಹಿಂದೆ ಹೋಗಲೂ ಆಗದೆ ಚೌಕಟ್ಟು ಹಿಡಿದುಕೊಂಡಿದ್ದ.

ಅವ್ವ ತಲೆ ಎತ್ತಿ ಅವನನ್ನು ನೋಡಿದಳು, ಮತ್ತೆ ಕೂಸಿನ ತಲೆಗೆ ನೀರು ಹೊಯ್ದಳು.

"ಬಾಗಲದಾಗ ನಿಲಬ್ಯಾಡಪಾ, ಕೂಸಿಗಿ ಗಾಳಿ ಬಡೀತೈತಿ," ಎಂದಳು. "ಒಳಗ ಬಾ. ಆ ದುಪ್ಪಟಿ ತಗೊಂಡ ಇಲ್ಲಿ ಹಿಡಿ, ಕೂಸಿನ್ನ ಕೊಡತೀನಿ."

ದಾವೀದ ಒಳಗೆ ಬಂದು, ದುಪ್ಪಟಿ ಬಿಚ್ಚಿ, ಎರಡೂ ಕೈ ಚಾಚಿ ನಿಂತ.